ಕಣ್ಣು ಕೆಂಪಾದಾಗ ಮೊದಲು ಏನು ನೋಡಬೇಕು: ತರಬೇತಿಯಲ್ಲಿರುವ ಆರೋಗ್ಯ ಸಹಾಯಕರಿಗೆ

ವಿಜಯಪುರ ಜಿಲ್ಲೆಯಲ್ಲಿ ಆರೋಗ್ಯ ಸಹಾಯಕರಾಗಿ ಕೆಲಸಕ್ಕೆ ಸೇರುವವರು ವಾರ್ಡಿನಲ್ಲಿರಲಿ, ವೃದ್ಧರ ಮನೆಯಲ್ಲಿರಲಿ, ಹಾಸ್ಟೆಲಿನ ಆರೋಗ್ಯ ಕೋಣೆಯಲ್ಲಿರಲಿ, ಕೆಂಪಾದ ಕಣ್ಣನ್ನು ವೈದ್ಯರಿಗಿಂತ ಮೊದಲು ನೋಡುತ್ತಾರೆ. ಬೇಸಿಗೆಯ ಧೂಳು, ಜೋಳದ ರಾಶಿಯ ಹೊಟ್ಟು, ದ್ರಾಕ್ಷಿ ತೋಟದ ಔಷಧ ಸಿಂಪಡಣೆ, ಮಳೆಗಾಲದಲ್ಲಿ ಮನೆಯಿಂದ ಮನೆಗೆ ಹರಡುವ ಕಣ್ಣುಬೇನೆ, ಹೀಗೆ ವರ್ಷವಿಡೀ ಕಾರಣಗಳಿಗೆ ಕೊರತೆಯಿಲ್ಲ. ರೋಗಕ್ಕೆ ಹೆಸರಿಡುವುದು, ಔಷಧ ಬರೆಯುವುದು ನಿಮ್ಮ ಕೆಲಸವಲ್ಲ. ಆದರೆ ಈ ಕಣ್ಣು ನಾಳೆಯವರೆಗೆ ಕಾಯಬಹುದೇ, ಈಗಲೇ ಹೊರಡಬೇಕೇ ಎಂಬುದನ್ನು ಗುರುತಿಸುವುದು ಖಂಡಿತ ನಿಮ್ಮ ಕೆಲಸ. ಎಷ್ಟೋ ಜನರ ದೃಷ್ಟಿ ಉಳಿಯುವುದೂ ಹೋಗುವುದೂ ಈ ಒಂದು ತೀರ್ಮಾನದ ಮೇಲೆಯೇ.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕಣ್ಣು ಎಷ್ಟು ಕೆಂಪಾಗಿದೆ ಎಂಬುದರಿಂದ ಅಪಾಯ ಎಷ್ಟಿದೆ ಎಂದು ತಿಳಿಯುವುದಿಲ್ಲ. ಜೋರಾಗಿ ಕೆಮ್ಮಿದಾಗ ಬಿಳಿಗುಡ್ಡೆಯ ಮೇಲಿನ ಸಣ್ಣ ರಕ್ತನಾಳ ಒಡೆದು ಅರ್ಧ ಕಣ್ಣು ರಕ್ತದ ಬಣ್ಣಕ್ಕೆ ತಿರುಗಬಹುದು. ನೋಡಿದವರು ಬೆಚ್ಚಿಬೀಳುತ್ತಾರೆ, ಆದರೆ ನೋವಿಲ್ಲದೆ, ನೋಟ ಕೆಡದೆ ಎರಡು ವಾರಗಳಲ್ಲಿ ಅದು ತಾನೇ ಕರಗುತ್ತದೆ. ಇನ್ನೊಬ್ಬರ ಕಣ್ಣು ಬರೀ ನಸುಗೆಂಪಾಗಿದ್ದು, ಕರಿಗುಡ್ಡೆಯ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಇರಬಹುದು. ಕೈತಪ್ಪಿ ಹೋಗುವ ಕಣ್ಣು ಆ ಎರಡನೆಯದು. ಆದ್ದರಿಂದ ಬಣ್ಣಕ್ಕಿಂತ ಮೊದಲು ನೋವು ಮತ್ತು ನೋಟ, ಇವೆರಡನ್ನು ವಿಚಾರಿಸಿ.

ಕಣ್ಣಿನ ಯಾವ ಭಾಗ

ಇಷ್ಟು ತಿಳಿದರೆ ಸಾಕು. ರೆಪ್ಪೆಯ ಒಳಮೈಯನ್ನೂ ಬಿಳಿಗುಡ್ಡೆಯನ್ನೂ ಮುಚ್ಚಿಕೊಂಡಿರುವ ತೆಳುವಾದ ಪೊರೆ ಕಂಜಂಕ್ಟೈವಾ. ಸಾಮಾನ್ಯ ಕಣ್ಣುಬೇನೆ ಬರುವುದು ಇದಕ್ಕೆ. ಕರಿಗುಡ್ಡೆಯ ಮುಂದಿರುವ ಗಾಜಿನಂತಹ ಭಾಗ ಕಾರ್ನಿಯಾ. ಇದಕ್ಕೆ ಗಾಯವೋ ಸೋಂಕೋ ಆದರೆ ಕಲೆ ಉಳಿದು ನೋಟ ಹೋಗಬಹುದು. ಕಾರ್ನಿಯಾದ ಹಿಂದೆ ಬಣ್ಣದ ಬಳೆ, ಅದರ ನಡುವೆ ಬೆಳಕಿಗೆ ಕಿರಿದಾಗುವ ಪಾಪೆ. ರೆಪ್ಪೆಯಂಚಿನಲ್ಲಿ ಕೂದಲಿನ ಬುಡದ ಸಾಲಿಗೆ ಹೊಂದಿಕೊಂಡು ಎಣ್ಣೆ ಸ್ರವಿಸುವ ಸಣ್ಣ ಗ್ರಂಥಿಗಳಿವೆ.

ಮೊದಲ ಹೆಜ್ಜೆ: ಕೈ ತೊಳೆದು ಕೇಳಿ

ಮುಟ್ಟುವ ಮೊದಲು ಸೋಪು ನೀರಿನಿಂದ ಒಂದು ನಿಮಿಷದ ಹತ್ತಿರ ಉಜ್ಜಿ ಕೈ ತೊಳೆಯಿರಿ. ಸ್ಯಾನಿಟೈಸರ್ ಇದೆಯಲ್ಲ ಎಂದು ಇದನ್ನು ಬಿಡಬೇಡಿ. ಕಣ್ಣುಬೇನೆ ತರುವ ಅಡಿನೋವೈರಸ್ಸಿನ ಮೇಲೆ ಆಲ್ಕೋಹಾಲ್ ಅಷ್ಟಾಗಿ ನಾಟುವುದಿಲ್ಲ. ಒಣಗಿದ ಬಾಗಿಲ ಹಿಡಿಕೆ, ಟವೆಲ್, ಮೊಬೈಲಿನ ಮೇಲೆ ಅದು ವಾರಗಟ್ಟಲೆ ಬದುಕಿರಬಲ್ಲದು. ಉಜ್ಜಿ ತೊಳೆದ ಕೈಯೇ ಇಲ್ಲಿ ಮುಖ್ಯ ರಕ್ಷಣೆ.

ಆಮೇಲೆ ರೋಗಿಯನ್ನು ಬೆಳಕಿನತ್ತ ಕೂಡಿಸಿ ಕೇಳಿ. ಯಾವಾಗಿನಿಂದ? ಒಂದು ಕಣ್ಣೋ ಎರಡೂ ಕಣ್ಣುಗಳೋ? ತುರಿಕೆಯೋ, ಮರಳು ಬಿದ್ದಂತೆ ಚುಚ್ಚುವುದೋ, ಒಳಗಿನಿಂದ ಬರುವ ನೋವೋ? ಬೆಳಕು ನೋಡಲು ಕಷ್ಟವೇ? ಕಣ್ಣಿಗೆ ಏನಾದರೂ ಬಿತ್ತೇ, ತಗುಲಿತೇ, ಸಿಡಿಯಿತೇ? ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆಯೇ, ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಾರೆಯೇ? ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿದೆಯೇ? ಕೊನೆಯದಾಗಿ, ಈಗಾಗಲೇ ಕಣ್ಣಿಗೆ ಏನು ಹಾಕಿದ್ದೀರಿ?

ಈ ಕೊನೆಯ ಪ್ರಶ್ನೆಯನ್ನು ಬೈಯುವ ದನಿಯಲ್ಲಿ ಕೇಳಿದರೆ ನಿಜವಾದ ಉತ್ತರ ಸಿಗುವುದಿಲ್ಲ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ, ಜೇನು, ಪಕ್ಕದ ಮನೆಯವರ ಉಳಿದ ಡ್ರಾಪ್ಸ್, ಏನಾದರೂ ಹಾಕಿರುತ್ತಾರೆ. ‘ಆಯಿ, ಮನೆಯಲ್ಲಿ ಏನಾದರೂ ಹಾಕಿದ್ದರೆ ಹೇಳಿ, ಡಾಕ್ಟರಿಗೆ ಗೊತ್ತಿದ್ದರೆ ಒಳ್ಳೆಯದು’ ಎಂದು ಕೇಳಿದರೆ ಹಿರಿಯರು ಮುಚ್ಚಿಡುವುದಿಲ್ಲ.

ಎರಡನೆಯ ಹೆಜ್ಜೆ: ನೋಟ ಪರೀಕ್ಷಿಸಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಚಾರ್ಟ್ ಇದ್ದರೆ 6 ಮೀಟರ್ ದೂರದಿಂದ ಒಂದೊಂದು ಕಣ್ಣನ್ನು ಬೇರೆಬೇರೆಯಾಗಿ ಓದಿಸಿ. ಚಾರ್ಟ್ ಇಲ್ಲವೆಂದರೆ ಗೋಡೆಯ ಕ್ಯಾಲೆಂಡರಿನ ದೊಡ್ಡ ಅಂಕಿ ಸಾಕು. ಅಂಕಿ ಬಾರದ ಅಜ್ಜಿಗೆ 3 ಮೀಟರ್ ದೂರದಲ್ಲಿ ಬೆರಳು ಹಿಡಿದು ಎಣಿಸಲು ಹೇಳಿ. ಕನ್ನಡಕ ಇರುವವರು ಅದನ್ನು ಹಾಕಿಕೊಂಡೇ ನೋಡಲಿ. ಒಂದು ಕಣ್ಣನ್ನು ಮುಚ್ಚುವಾಗ ಅಂಗೈ ಬಳಸಲಿ, ಬೆರಳಿನಿಂದ ಗುಡ್ಡೆಯನ್ನು ಒತ್ತಬಾರದು. ಗೀಜು ಅಡ್ಡ ಬಂದು ಮಬ್ಬಾಗಿದ್ದರೆ ಒರೆಸಿ, ಕಣ್ಣು ಮಿಟುಕಿಸಿದ ಮೇಲೆ ಮತ್ತೊಮ್ಮೆ ಕೇಳಿ. ಆಗ ನಿಚ್ಚಳವಾದರೆ ಸಮಾಧಾನ. ಮಿಟುಕಿಸಿದ ಮೇಲೂ ಮಬ್ಬೇ ಇದ್ದರೆ ಅದು ಸಾಮಾನ್ಯ ಕಣ್ಣುಬೇನೆ ಎಂದು ಬಗೆಯಬೇಡಿ.

ಮೂರನೆಯ ಹೆಜ್ಜೆ: ಟಾರ್ಚ್ ಹಿಡಿದು ನೋಡಿ

ಕೆಂಪು ಎಲ್ಲಿದೆ ನೋಡಿ. ರೆಪ್ಪೆಯ ಒಳಗೂ ಬಿಳಿಗುಡ್ಡೆಯ ಅಂಚಿನಲ್ಲೂ ಹೆಚ್ಚಿದ್ದು, ಕರಿಗುಡ್ಡೆಯ ಹತ್ತಿರ ಕಡಿಮೆಯಿದ್ದರೆ ಕಂಜಂಕ್ಟೈವಾದ ಉರಿಯೂತ ಇರುವ ಸಂಭವ ಹೆಚ್ಚು. ಕರಿಗುಡ್ಡೆಯ ಸುತ್ತ ಬಳೆಯಂತೆ ಕೆಂಪು ಗಾಢವಾಗಿದ್ದರೆ ಒಳಗಿನ ಭಾಗಕ್ಕೆ ತೊಂದರೆಯಾಗಿರಬಹುದು. ಕಾರ್ನಿಯಾ ಹೊಳೆಯುತ್ತಿದೆಯೇ, ಬಿಳಿ ಚುಕ್ಕೆ ಇದೆಯೇ? ಎರಡೂ ಪಾಪೆಗಳು ದುಂಡಾಗಿ, ಒಂದೇ ಅಳತೆಯಲ್ಲಿವೆಯೇ, ಬೆಳಕು ಬಿಟ್ಟಾಗ ಕಿರಿದಾಗುತ್ತವೆಯೇ? ಗೀಜು ನೀರಿನಂತಿದೆಯೋ, ಹಳದಿ ಕೀವೋ, ಎಳೆಎಳೆಯಾದ ಲೋಳೆಯೋ? ಕೆಳರೆಪ್ಪೆಯನ್ನು ಮೃದುವಾಗಿ ಕೆಳಗೆಳೆದು ಕಸವಿದೆಯೇ ನೋಡಬಹುದು. ಪೆಟ್ಟು ಬಿದ್ದ ಕಣ್ಣಾದರೆ ರೆಪ್ಪೆಯನ್ನು ಒತ್ತಿ ಬಿಡಿಸಲು ಹೋಗಬೇಡಿ. ಗುಡ್ಡೆ ಒಡೆದಿದ್ದರೆ ಆ ಒತ್ತಡಕ್ಕೆ ಒಳಗಿನದು ಹೊರಬರಬಹುದು.

ದಿನವೂ ಕಾಣುವ ಉರಿಯೂತಗಳು

ವೈರಸ್ಸಿನ ಕಣ್ಣುಬೇನೆಯೇ ಎಲ್ಲಕ್ಕಿಂತ ಹೆಚ್ಚು. ‘ಕಣ್ಣು ಬಂದಿವೆ’ ಎಂದು ನಮ್ಮ ಕಡೆಯವರು, ‘ಮದ್ರಾಸ್ ಐ’ ಎಂದು ಪತ್ರಿಕೆಗಳವರು ಹೇಳುವುದು ಸಾಮಾನ್ಯವಾಗಿ ಇದನ್ನೇ. 2023ರ ಮಳೆಗಾಲದಲ್ಲಿ ರಾಜ್ಯದಾದ್ಯಂತ ಹಬ್ಬಿ ಶಾಲೆ, ಹಾಸ್ಟೆಲುಗಳನ್ನು ಕಾಡಿದ್ದು ನೆನಪಿರಬಹುದು. ಒಂದು ಕಣ್ಣಿನಲ್ಲಿ ಶುರುವಾಗಿ ಒಂದೆರಡು ದಿನಗಳಲ್ಲಿ ಇನ್ನೊಂದಕ್ಕೂ ಬರುತ್ತದೆ. ಧಾರಾಳ ನೀರು, ಮರಳು ಬಿದ್ದಂತಹ ಗರಗರ, ಕೆಲವರಿಗೆ ಶೀತ, ಗಂಟಲು ನೋವು, ಕಿವಿಯ ಮುಂದೆ ಸಣ್ಣ ಗಂಟು. ಒಂದರಿಂದ ಎರಡು ವಾರಗಳಲ್ಲಿ ತಾನೇ ಇಳಿಯುತ್ತದೆ. ಆ್ಯಂಟಿಬಯೋಟಿಕ್ ಹನಿ ವೈರಸ್ಸನ್ನು ಕೊಲ್ಲುವುದಿಲ್ಲ. ತಣ್ಣನೆಯ ಒದ್ದೆ ಬಟ್ಟೆಯ ಪಟ್ಟಿ, ಸ್ವಚ್ಛತೆ, ವಿಶ್ರಾಂತಿ ಇದ್ದರೆ ಹಿತವೆನಿಸುತ್ತದೆ. ಈ ನಡುವೆ ನೋವು ಹೆಚ್ಚಿದರೆ, ಬೆಳಕು ಸಹಿಸಲಾಗದಿದ್ದರೆ, ನೋಟ ಮಬ್ಬಾದರೆ ವೈರಸ್ ಕಾರ್ನಿಯಾಕ್ಕೆ ಇಳಿದಿರಬಹುದು. ಆಗ ಕಣ್ಣಿನ ವೈದ್ಯರು ನೋಡಲೇಬೇಕು.

ಬ್ಯಾಕ್ಟೀರಿಯಾದಿಂದ ಬಂದದ್ದಾದರೆ ಗೀಜು ಗಟ್ಟಿ, ಹಳದಿ ಅಥವಾ ಹಸಿರು. ಬೆಳಿಗ್ಗೆ ಎದ್ದಾಗ ರೆಪ್ಪೆಗಳು ಅಂಟಿಕೊಂಡು ಮಕ್ಕಳು ಕಣ್ಣು ತೆರೆಯಲಾಗದೆ ಅಳುತ್ತಾರೆ. ಹನಿ ಬೇಕೇ ಬೇಡವೇ ಎಂಬುದನ್ನು ವೈದ್ಯರು ಹೇಳುತ್ತಾರೆ. ಒರೆಸಿದಷ್ಟೂ ಕೀವು ಉಕ್ಕುತ್ತಲೇ ಇದ್ದು ರೆಪ್ಪೆ ದಪ್ಪಗೆ ಊದಿದ್ದರೆ ತಡ ಮಾಡುವಂತಿಲ್ಲ.

ಅಲರ್ಜಿಯ ಗುರುತು ತುರಿಕೆ. ಎರಡೂ ಕಣ್ಣು, ಎಳೆಯಂತಹ ಬಿಳಿ ಲೋಳೆ, ಉಜ್ಜಿ ಉಜ್ಜಿ ಕಪ್ಪಾದ ರೆಪ್ಪೆ. ನಮ್ಮ ಬಿಸಿಲು, ಧೂಳಿನ ಊರುಗಳಲ್ಲಿ ಬೇಸಿಗೆ ಬಂತೆಂದರೆ ಶಾಲೆಗೆ ಹೋಗುವ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಇದು ವರ್ಷವರ್ಷವೂ ಮರುಕಳಿಸುತ್ತದೆ. ಅಂಟುರೋಗವಲ್ಲ, ಆದ್ದರಿಂದ ಮಗುವನ್ನು ಶಾಲೆ ಬಿಡಿಸುವ ಅಗತ್ಯವಿಲ್ಲ. ತಣ್ಣೀರಿನ ಪಟ್ಟಿ, ಹೊರಗೆ ಹೋಗುವಾಗ ಟೋಪಿ, ಕಣ್ಣುಜ್ಜುವುದನ್ನು ಬಿಡಿಸುವುದು ಮೊದಲ ಉಪಾಯಗಳು. ಈ ಮಕ್ಕಳ ಮನೆಗಳಲ್ಲಿಯೇ ಒಂದು ಅಪಾಯವೂ ಅಡಗಿದೆ. ವೈದ್ಯರು ಒಮ್ಮೆ ಕೆಲವು ದಿನಗಳ ಮಟ್ಟಿಗೆ ಬರೆದ ಸ್ಟೀರಾಯ್ಡ್ ಹನಿಯನ್ನು, ತಕ್ಷಣ ಆರಾಮ ಸಿಗುತ್ತದೆಂದು, ಔಷಧ ಅಂಗಡಿಯಿಂದ ತಿಂಗಳುಗಟ್ಟಲೆ ತಂದು ಹಾಕುತ್ತಾರೆ. ಅದರಿಂದ ಕಣ್ಣಿನೊಳಗಿನ ಒತ್ತಡ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು, ಎಳೆಯ ವಯಸ್ಸಿಗೇ ಪೊರೆ (ಕ್ಯಾಟರಾಕ್ಟ್) ಬೆಳೆಯಬಹುದು. ತುರಿಕೆ ಹೋಗಿ ದೃಷ್ಟಿಯೇ ಹೋದರೆ ಏನು ಬಂತು? ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರು ಕಂಡರೆ ಯಾರು ಬರೆದುಕೊಟ್ಟರು, ಎಷ್ಟು ದಿನಕ್ಕೆ ಎಂದು ವಿಚಾರಿಸಿ ವೈದ್ಯರಿಗೆ ತಿಳಿಸಿ.

ರೆಪ್ಪೆಯ ಅಂಚು ಕೆಂಪಾಗಿ, ಕೂದಲಿನ ಬುಡದಲ್ಲಿ ತಲೆಹೊಟ್ಟಿನಂತಹ ಪುಡಿ ಅಂಟಿಕೊಂಡಿರುವುದು ವಯಸ್ಸಾದವರಲ್ಲಿ ಸಾಮಾನ್ಯ. ದಿನಕ್ಕೆರಡು ಬಾರಿ 5ರಿಂದ 10 ನಿಮಿಷ ಬೆಚ್ಚನೆಯ ಒದ್ದೆ ಬಟ್ಟೆ ಇಟ್ಟು, ನಂತರ ಅಂಚನ್ನು ಮೃದುವಾಗಿ ಒರೆಸಿದರೆ ಹತೋಟಿಯಲ್ಲಿರುತ್ತದೆ. ರೆಪ್ಪೆಯಂಚಿನಲ್ಲಿ ಏಳುವ ಕುರುವಿಗೂ ಬೆಚ್ಚನೆಯ ಶಾಖವೇ ಮೊದಲ ಮದ್ದು. ಹಿಸುಕಬಾರದು. ಶಾಖದ ಬಟ್ಟೆಯನ್ನು ನಿಮ್ಮ ಮುಂಗೈಗೆ ತಾಗಿಸಿ ನೋಡಿಯೇ ಇಡಿ, ಮಧುಮೇಹ ಇರುವ ಅಜ್ಜಂದಿರಿಗೆ ಬಿಸಿ ತಿಳಿಯದೆ ಚರ್ಮ ಸುಡಬಹುದು.

ಟ್ರಕೋಮಾದ ಹೆಸರನ್ನು ಪಠ್ಯದಲ್ಲಿ ಓದಿರುತ್ತೀರಿ. ಒಂದು ಕಾಲಕ್ಕೆ ಈ ದೇಶದಲ್ಲಿ ಕುರುಡುತನದ ದೊಡ್ಡ ಕಾರಣವಾಗಿದ್ದ ಆ ಸೋಂಕು ಇಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಮಾನ್ಯ ಮಾಡಿತು. ಮುಖ ತೊಳೆಯುವ ನೀರು, ಶೌಚಾಲಯ, ಊರೂರು ತಿರುಗಿದ ಆರೋಗ್ಯ ಕಾರ್ಯಕರ್ತರ ದುಡಿಮೆ ಇದರ ಹಿಂದಿದೆ. ನೀವು ಸೇರುತ್ತಿರುವುದು ಅದೇ ಸಾಲಿಗೆ.

ಕಾಯಬಾರದ ಕಣ್ಣುಗಳು

ಕಬ್ಬು ಕಡಿಯುವವರ ಕಣ್ಣಿಗೆ ರವದಿಯ (ಕಬ್ಬಿನ ಒಣ ಎಲೆಯ) ಅಂಚು ಗೀರಿದರೆ, ರಾಶಿ ಮಾಡುವಾಗ ಹೊಟ್ಟು ಬಡಿದರೆ, ಕಾರ್ನಿಯಾದ ಮೇಲ್ಪದರ ಕಿತ್ತುಹೋಗುತ್ತದೆ. ಸಸ್ಯದ ಚೂರಿನ ಜೊತೆ ಶಿಲೀಂಧ್ರ ಒಳಹೊಕ್ಕು ಹುಣ್ಣಾಗುತ್ತದೆ. ಮೊದಲ ದಿನ ಸಣ್ಣ ಚುಚ್ಚುವಿಕೆ, ನೀರು, ಅಷ್ಟೇ. ಕೂಲಿ ತಪ್ಪುತ್ತದೆಂದು ಮರುದಿನ ಮತ್ತೆ ಫಡಕ್ಕೆ ಹೋಗುತ್ತಾರೆ. ಕೆಲವು ದಿನ ಕಳೆದು ಕರಿಗುಡ್ಡೆಯ ಮೇಲೆ ಬೂದುಬಿಳಿ ಮಚ್ಚೆ ಕಾಣುತ್ತದೆ, ಅಷ್ಟರಲ್ಲಿ ಹುಣ್ಣು ಆಳಕ್ಕೆ ಇಳಿದಿರುತ್ತದೆ. ಇಂಥ ಕಣ್ಣಿಗೆ ಸ್ಟೀರಾಯ್ಡ್ ಹನಿ ಹಾಕಿದರೆ ಶಿಲೀಂಧ್ರಕ್ಕೆ ಗೊಬ್ಬರ ಹಾಕಿದಂತೆ. ಬೆಳೆಯ ಕೆಲಸದಲ್ಲಿ ಏಟು ತಗುಲಿ ಕೆಂಪಾದ ಯಾವ ಕಣ್ಣನ್ನೂ, ನೋವು ಕಡಿಮೆಯಿದ್ದರೂ, ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸಿ. ನಾಲಿಗೆಯಿಂದ ಕಸ ತೆಗೆಯುವವರ ಬಳಿಗೆ ಹೋಗದಂತೆ ತಡೆಯಿರಿ, ಬಾಯಿಯ ಬ್ಯಾಕ್ಟೀರಿಯಾ ನೇರ ಗಾಯಕ್ಕೆ ಇಳಿಯುತ್ತದೆ.

ಎಲೆ-ಅಡಿಕೆಯ ಸುಣ್ಣ ಇನ್ನೊಂದು. ಪ್ಲಾಸ್ಟಿಕ್ ಡಬ್ಬಿಯನ್ನೋ ಪಾಕೀಟನ್ನೋ ಮಗು ಹಿಸುಕುತ್ತದೆ, ಸುಣ್ಣ ಚಿಮ್ಮಿ ಕಣ್ಣಿಗೆ ಬೀಳುತ್ತದೆ. ಕ್ಷಾರವು ನಿಮಿಷಗಳಲ್ಲಿ ಕಾರ್ನಿಯಾವನ್ನು ಕರಗಿಸುತ್ತ ಒಳಗಿಳಿಯುತ್ತದೆ. ಇಲ್ಲಿ ಪ್ರಶ್ನೆ ಕೇಳುತ್ತಾ ಕೂರಬೇಡಿ, ನೋಟ ಪರೀಕ್ಷೆಯನ್ನೂ ಆಮೇಲೆ ಮಾಡಿ. ಮಗುವನ್ನು ಮಲಗಿಸಿ, ತಲೆಯನ್ನು ಪೆಟ್ಟಾದ ಕಣ್ಣಿನ ಕಡೆಗೆ ಓರೆ ಮಾಡಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು ಶುದ್ಧ ನೀರನ್ನು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಸತತವಾಗಿ ಸುರಿಯಿರಿ. ನಳದ ನೀರಾದರೂ ಸರಿ, ಹತ್ತಿರದಲ್ಲಿ ಯಾವುದಿದೆಯೋ ಅದು. ಒದ್ದೆ ಹತ್ತಿಯಿಂದ ಕಾಣುವ ಸುಣ್ಣದ ತುಣುಕುಗಳನ್ನು ತೆಗೆಯಿರಿ, ಕೆಳರೆಪ್ಪೆಯ ಸಂದಿಗೂ ಮೇಲುರೆಪ್ಪೆಯ ಅಡಿಗೂ ನೀರು ಹೋಗಲಿ. ಕಡಿಮೆಯೆಂದರೂ 15ರಿಂದ 30 ನಿಮಿಷ ತೊಳೆಯಬೇಕು. ಮಗು ಕಿರುಚುತ್ತದೆ, ಮನೆಯವರು ಸಾಕು ಎನ್ನುತ್ತಾರೆ, ನೀವು ಕೈ ಬಿಡಬೇಡಿ. ತುಪ್ಪ, ಎಣ್ಣೆ, ನಿಂಬೆರಸ ಯಾವುದೂ ಬೇಡ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ, ದಾರಿಯುದ್ದಕ್ಕೂ ಸಾಧ್ಯವಾದಷ್ಟು ತೊಳೆಯುತ್ತಿರಿ. ಕೀಟನಾಶಕ, ಆಸಿಡ್, ಶೌಚಾಲಯ ತೊಳೆಯುವ ದ್ರಾವಣ ಸಿಡಿದಾಗಲೂ ಇದೇ ಕ್ರಮ.

ವಯಸ್ಸಾದವರಿಗೆ ಒಂದೇ ಕಣ್ಣು ಕೆಂಪಾಗಿ, ತಲೆ ಸಿಡಿಯುವಷ್ಟು ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಇದ್ದರೆ ಮನೆಯವರು ಪಿತ್ತ ಕೆದರಿದೆ ಎಂದು ಮಲಗಿಸಿಬಿಡುತ್ತಾರೆ. ಕಣ್ಣಿನ ಒತ್ತಡ ಏಕಾಏಕಿ ಏರಿರುವ ಸಂಭವವಿದೆ, ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಸರ್ಪಸುತ್ತಿನ ಗುಳ್ಳೆಗಳು ಎದ್ದರೆ ಕಣ್ಣಿಗೂ ಅಪಾಯ. ಕೆಮ್ಮಣ್ಣು ಹಚ್ಚಿ ಕಾಯುವುದರಲ್ಲಿ ಔಷಧ ಚೆನ್ನಾಗಿ ಕೆಲಸ ಮಾಡುವ ಮೊದಲ 72 ಗಂಟೆಗಳು ಕಳೆದುಹೋಗುತ್ತವೆ. ಪೊರೆಯ ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ನೋವು, ಕೆಂಪು, ನೋಟ ಇಳಿಯುವುದು ಕಂಡರೆ ಮುಂದಿನ ತಪಾಸಣೆಯ ದಿನಾಂಕ ನೋಡದೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿದಲ್ಲಿಗೇ ಕಳುಹಿಸಿ. ಒಂದು ತಿಂಗಳೊಳಗಿನ ಕೂಸಿನ ಕಣ್ಣಲ್ಲಿ ಕೀವು, ಊತ ಇದ್ದರೆ ಅದೇ ದಿನ ಆಸ್ಪತ್ರೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಲೆನ್ಸ್ ತೆಗೆದು, ಎಸೆಯದೆ ಡಬ್ಬಿಯಲ್ಲಿಟ್ಟು ಜೊತೆಗೆ ಒಯ್ಯಲಿ.

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಇನ್ನೊಂದು ಮಾತು. ಪಾರ್ಶ್ವವಾಯು ಆದವರ, ಪ್ರಜ್ಞೆ ಇಲ್ಲದವರ ರೆಪ್ಪೆ ಪೂರ್ತಿ ಮುಚ್ಚದೆ ರಾತ್ರಿಯೆಲ್ಲ ಕಾರ್ನಿಯಾ ಒಣಗುತ್ತದೆ. ಅವರು ಹೇಳಿಕೊಳ್ಳಲಾರರು. ಮಲಗಿದಾಗ ರೆಪ್ಪೆಯ ನಡುವೆ ಬಿಳಿ ಕಾಣುತ್ತದೆಯೇ ಎಂದು ಪ್ರತಿ ಪಾಳಿಯಲ್ಲೂ ನೋಡಿ, ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದಂತೆ ಮಾಡಿ, ಕಂಡದ್ದನ್ನು ನರ್ಸಿಗೆ ತಿಳಿಸಿ.

ಕಣ್ಣು ಒರೆಸುವುದು, ಹನಿ ಹಾಕುವುದು

ಕುದಿಸಿ ಆರಿಸಿದ ನೀರು ಅಥವಾ ಸಲೈನ್, ಸ್ವಚ್ಛ ಹತ್ತಿಯ ಉಂಡೆಗಳು, ಕೈಗವಸು, ತ್ಯಾಜ್ಯದ ಚೀಲ ಸಿದ್ಧವಿರಲಿ. ಕಡಿಮೆ ತೊಂದರೆಯಿರುವ ಕಣ್ಣನ್ನು ಮೊದಲು ಒರೆಸಿ. ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಎಳೆತ, ಆ ಉಂಡೆ ಚೀಲಕ್ಕೆ, ಮತ್ತೆ ಹೊಸದು. ಅಂಟಿದ ರೆಪ್ಪೆಯನ್ನು ಬಿಡಿಸಲು ಹಿಂಡಿದ ಒದ್ದೆ ಹತ್ತಿಯನ್ನು ಎರಡು ಮೂರು ನಿಮಿಷ ಇಟ್ಟರೆ ಗೀಜು ಮೆತ್ತಗಾಗಿ ತಾನೇ ಜಾರುತ್ತದೆ. ಎಳೆದರೆ ಕೂದಲು ಕಿತ್ತು ಬರುತ್ತದೆ.

ವೈದ್ಯರು ಬರೆದ ಹನಿಯನ್ನು ಹಾಕುವ ಮೊದಲು ಹೆಸರು, ಯಾವ ಕಣ್ಣು, ಅವಧಿ ಮುಗಿದಿದೆಯೇ ಎಂದು ಓದಿ. ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆ ಎಳೆದಾಗ ಆಗುವ ಚೀಲದಂತಹ ಜಾಗಕ್ಕೆ ಒಂದೇ ಹನಿ. ಬಾಟಲಿಯ ತುದಿ ರೆಪ್ಪೆಗಾಗಲಿ ಕೂದಲಿಗಾಗಲಿ ತಾಗಬಾರದು. ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೃದುವಾಗಿ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದಿಲ್ಲ. ಇನ್ನೊಂದು ಹನಿ ಇದ್ದರೆ 5 ನಿಮಿಷ ಬಿಟ್ಟು, ಮುಲಾಮು ಕೊನೆಗೆ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಸಾಮಾನ್ಯವಾಗಿ 4 ವಾರ ಕಳೆದ ಮೇಲೆ ಉಳಿದದ್ದನ್ನು ಎಸೆಯಬೇಕು. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ, ಒಡಹುಟ್ಟಿದವರಾದರೂ.

ಹರಡದಂತೆ

ಕಣ್ಣುಬೇನೆ ಆದವರನ್ನು ದಿಟ್ಟಿಸಿ ನೋಡಿದರೆ ಬರುವುದಿಲ್ಲ. ಕಪ್ಪು ಕನ್ನಡಕ ಬೆಳಕಿನ ಕಿರಿಕಿರಿ ತಗ್ಗಿಸುತ್ತದೆಯೇ ಹೊರತು ಸೋಂಕನ್ನು ತಡೆಯುವುದಿಲ್ಲ. ಹರಡುವುದು ಕೈ, ಟವೆಲ್, ದಿಂಬಿನ ಹೊದಿಕೆ, ಕರವಸ್ತ್ರ, ಕಾಡಿಗೆಯ ಡಬ್ಬಿಯಿಂದ. ರೋಗಿಯ ಟವೆಲ್ ಬೇರೆ ಇರಲಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ನೀರು ಸೋರುವುದು, ಗೀಜು ಕಟ್ಟುವುದು ನಿಲ್ಲುವವರೆಗೆ ಮಗು ಶಾಲೆಗೆ ಹೋಗದಿರಲಿ. ನಿಮಗೇ ಬಂದರೆ ಮೇಲ್ವಿಚಾರಕರಿಗೆ ಹೇಳಿ ರೋಗಿಗಳಿಂದ ದೂರವಿರಿ. ರಜೆ ಕೇಳಲು ಸಂಕೋಚಪಟ್ಟು ಕನ್ನಡಕ ಹಾಕಿಕೊಂಡು ಪಾಳಿಗೆ ಬಂದರೆ ಇಡೀ ವಾರ್ಡಿಗೆ ಹಂಚಿದಂತಾಗುತ್ತದೆ.

ಬರೆದು ಕಳುಹಿಸಿ

ಬಾಯಿಮಾತು ದಾರಿಯಲ್ಲಿ ಬದಲಾಗುತ್ತದೆ, ಚೀಟಿ ಬದಲಾಗುವುದಿಲ್ಲ. ರೋಗದ ಹೆಸರನ್ನು ಊಹಿಸಿ ಬರೆಯದೆ, ಕೇಳಿದ್ದನ್ನೂ ಕಂಡದ್ದನ್ನೂ ಮಾಡಿದ್ದನ್ನೂ ಬರೆಯಿರಿ. ಹೀಗಿರಲಿ: ‘ಗಂಡಸು, 45 ವರ್ಷ. ಎಡಗಣ್ಣು ನಿನ್ನೆ ಮಧ್ಯಾಹ್ನದಿಂದ ಕೆಂಪು. ಕಬ್ಬು ಕಡಿಯುವಾಗ ರವದಿ ತಗುಲಿದೆ. ನೋವು, ನೀರು, ಬೆಳಕು ನೋಡಲು ಕಷ್ಟ. ಬಲಗಣ್ಣಿನಿಂದ 3 ಮೀಟರಿನಲ್ಲಿ ಬೆರಳು ಎಣಿಸುತ್ತಾರೆ, ಎಡಗಣ್ಣಿನಿಂದ 1 ಮೀಟರಿನಲ್ಲಿ ಮಾತ್ರ. ಕರಿಗುಡ್ಡೆಯ ಕೆಳಭಾಗದಲ್ಲಿ ಬಿಳಿ ಚುಕ್ಕೆ. ಮನೆಯಲ್ಲಿ ಹರಳೆಣ್ಣೆ ಒಮ್ಮೆ ಹಾಕಿದ್ದಾರೆ. ಇಲ್ಲಿ ಯಾವ ಹನಿಯನ್ನೂ ಹಾಕಿಲ್ಲ, ಪಟ್ಟಿ ಕಟ್ಟಿಲ್ಲ. ಬೆಳಿಗ್ಗೆ 10.30ಕ್ಕೆ ಕಳುಹಿಸಿದೆ.’

ಕಳುಹಿಸಿದ ಮರುದಿನ ಫೋನ್ ಮಾಡಿ ಅವರು ಆಸ್ಪತ್ರೆ ತಲುಪಿದರೇ ಎಂದು ವಿಚಾರಿಸಿ. ಬಸ್ಸು ತಪ್ಪಿತು, ಕೆಲಸವಿತ್ತು, ಇಂದು ಸ್ವಲ್ಪ ಕಡಿಮೆಯಿದೆ ಎಂದು ಮನೆಯಲ್ಲೇ ಉಳಿದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಮನೆಯ ಹಿರಿಯರನ್ನೋ ಮಾತಿಗೆಳೆದು ಆ ದಿನವೇ ಹೊರಡಿಸಿ.